ಮಾವನಿಗೆ ಹೇಳಿಕೆ, ಕಿವಿಯಲ್ಲಿ ಕೊಲೆ

ಮದುವೆಯ ಹೇಳಿಕೆ ಹೇಳಿ ಬರುವುದು ಎಂತ ದೊಡ್ಡ ಕೆಲಸ? ಬಸ್ಸು ಹತ್ತುವುದು, ಕಾಗದ ಕೊಡುವುದು, ಕರೆಯುವುದು. ಹಾಗೆಂದು ನಾನು ನಂಬಿದ್ದೆ.

ನೆಟ್ ಅಗ್ಗವಾದ ಮೇಲೆ ನಾನು ಕಾದಂಬರಿ ಓದುವುದನ್ನು ಬಿಟ್ಟು ಫೋನಿನಲ್ಲಿ ಕೇಳಲು ಶುರುಮಾಡಿದ್ದೆ. ಕೇಳಿ ಕೇಳಿ ಅಭಿಪ್ರಾಯಗಳೂ ಬೆಳೆದಿದ್ದವು. ಫೋನಿನಲ್ಲಿ ಐತಿಹಾಸಿಕ ಕಾದಂಬರಿ ಓದಿ ಹೇಳುವವರ ಗಂಟಲಲ್ಲೇ ಒಂದು ಕೋಟೆ ಇರುತ್ತದೆ. ರಾಜ ಕುಡಿಯಲು ನೀರು ಕೇಳಿದರೂ ಯುದ್ಧ ಸಾರಿದ ಹಾಗೆ! ಥ್ರಿಲ್ಲರ್ ಓದುವವರಿಗೆ ಸದಾ ಶೀತ. ಒಂದು ಬಾಗಿಲು ತೆರೆಯಲು ಹತ್ತು ನಿಮಿಷ ಪಿಸುಪಿಸು. ಆದ್ದರಿಂದ ಇತಿಹಾಸವನ್ನು ಕಿಟಕಿ ಪಕ್ಕ ಕಣ್ಣುಮುಚ್ಚಿ ಕೇಳಬೇಕು, ಥ್ರಿಲ್ಲರನ್ನು ಕೆಲಸವಿರುವ ದಿನ ಮುಟ್ಟಲೇಬಾರದು. ಇದು ನನ್ನ ಕಾನೂನು. ಮುರಿದವನೂ ನಾನೇ.

ಅಕ್ಕನ ಮದುವೆಗೆ ಹತ್ತು ದಿನ ಇತ್ತು. ಅವಳನ್ನು ಮಂಟಪಕ್ಕೆ ಕರೆತರಬೇಕಾದವರು ಪೆರ್ಲದ ಸೋದರಮಾವ. ಎರಡು ವರ್ಷದ ಹಿಂದೆ ನಮ್ಮ ಹೊಸ ಮನೆಯ ಒಕ್ಕಲಿಗೆ ಅಂಚೆಯಲ್ಲಿ ಕಾಗದ ಕಳಿಸಿದೆವೆಂದು ಅವರು ಬಂದೇ ಇರಲಿಲ್ಲ. ಮೇಲಿಂದ, ಯಾವುದೋ ಊಟದ ಪಂಕ್ತಿಯಲ್ಲಿ ನಾನು ಅವರ ಸ್ವರ ತೆಗೆದು ಅಣಕಿಸಿದ್ದೂ ಅವರ ಕಿವಿಗೆ ಮುಟ್ಟಿತ್ತು.

"ಅಪ್ಪ ಕುಂಜತ್ತೂರು ಕಡೆ ಹೇಳಿಕೆಗೆ ಹೋಗಿದ್ದಾರೆ, ನನಗೆ ಜ್ವರ" ಎಂದಳು ಅಮ್ಮ. "ಕಾಗದ ಕೈಗೇ ಕೊಟ್ಟು, ಬಾಯಲ್ಲಿ ಹೇಳಿ ಬಾ. ಇಲ್ಲದಿದ್ರೆ ಅಣ್ಣ ಈ ಸಲವೂ ಬರುದಿಲ್ಲ."

"ಅಷ್ಟು ನನಗೆ ಬರುದಿಲ್ವಾ ಅಮ್ಮ?"

ಕಾಸರಗೋಡಿನಲ್ಲಿ ಪುತ್ತೂರು ಬಸ್ಸು ಹತ್ತಿ ರಾಜನನ್ನು ಕಿವಿಗೆ ಸಿಕ್ಕಿಸಿಕೊಂಡೆ. ನಾಯ್ಮಾರ್ಮೂಲೆ ದಾಟುವಾಗ ಬಸ್ಸು ಆನೆಯಾಯಿತು. ಶಾಲೆ ಮಕ್ಕಳ ಕೊಡೆಗಳು ಗುರಾಣಿಗಳಾದವು. ಕೆಂಪುಕಲ್ಲಿನ ಗುಡ್ಡಗಳಿಂದ ಕಾವಲುಗಾರರು ಕೈಬೀಸಿದರು. ತಂಗಾಳಿಯಲ್ಲಿ ತೇಲುತ್ತ ಒಂದು ಸಣ್ಣ ಸಂಸ್ಥಾನ ಗೆದ್ದೆ. ರಾಜಕುಮಾರಿ ಹೂಮಾಲೆ ಹಿಡಿದು ಹತ್ತಿರ ಬಂದಳು...

"ಪುತ್ತೂರು! ಇಳೀರಿ, ಲಾಸ್ಟ್ ಸ್ಟಾಪ್!"

ಪೆರ್ಲ ಯಾವಾಗಲೋ ಹಿಂದೆ ಉಳಿದಿತ್ತು. ಕೇರಳವೇ ಹಿಂದೆ ಉಳಿದಿತ್ತು!

ವಾಪಸ್ ಬಸ್ಸಿನಲ್ಲಿ ನಿದ್ದೆ ಬಾರದಿರಲೆಂದು ಬುದ್ಧಿವಂತಿಕೆಯಿಂದ ಥ್ರಿಲ್ಲರ್ ಹಾಕಿದೆ. ನಿದ್ದೆ ಬರಲಿಲ್ಲ. ಪೆರ್ಲ ಬಂದದ್ದೂ ತಿಳಿಯಲಿಲ್ಲ.

"ಎಂತ ಮಾರಾಯ, ಪೆರ್ಲಕ್ಕೆ ಟಿಕೇಟು ತೆಗೊಂಡು ಬದಿಯಡ್ಕ ನೋಡ್ಲಿಕ್ಕೆ ಬಂದದ್ದಾ?" ಎಂದ ಕಂಡಕ್ಟರ್.

ಮೂರನೆಯ ಬಸ್ಸಿನಲ್ಲಿ ನಿಂತೇ ಹೋದೆ. ಮಾವನ ಮನೆ ಮುಟ್ಟುವಾಗ ಸಂಜೆ ನಾಲ್ಕು. ಕೊಲೆಗಾರ ಸಿಗಲು ಇನ್ನು ಹತ್ತೇ ನಿಮಿಷ. ಒಂದು ಕಿವಿಯಲ್ಲಿ ಕಥೆ ಹಾಗೆಯೇ ಓಡುತ್ತಿತ್ತು.

ಅತ್ತೆ ಬೆಲ್ಲ, ನೀರು, ಹಿಂದೆಯೇ ಚಾ ತಂದಿಟ್ಟರು. "ಎಂತ, ದಾರಿ ತಪ್ಪಿ ಬಂದದ್ದಾ?" ಎಂದರು ಮಾವ. ಇವರಿಗೆ ಹೇಗೆ ಗೊತ್ತಾಯಿತು!

ನಾನು ಗಂಟಲು ಸರಿಮಾಡಿಕೊಂಡೆ. ಬೆಳಗಿನಿಂದ ರಾಜನ ಸಹವಾಸ ಮಾಡಿದ ಗಂಟಲು! "ಮಾವಾ, ತಾವು ದಯಮಾಡಿ ಆಲಿಸಬೇಕು!" ಎಂದು ಗುಡುಗಿಬಿಟ್ಟಿತು. ದುರದೃಷ್ಟ ನೋಡಿ, ಆ ರಾಜನ ಸ್ವರವೂ ಮಾವನ ಸ್ವರವೂ ಅಚ್ಚು ಒಂದೇ.

ಮಾವ ಎದ್ದು ನಿಂತರು. "ನನ್ನ ಜಗಲಿಯಲ್ಲೇ ನನ್ನನ್ನು ಅಣಕಿಸ್ತೀಯಾ?"

"ಅಲ್ಲ ಮಾವ, ಇದು ಫೋನಿನ ರಾಜ!" ಸಾಕ್ಷಿಗೆಂದು ಇಯರ್‌ಫೋನ್ ಎಳೆದೆ. ಜಗಲಿ ತುಂಬ ಪಿಸುಮಾತು ಹರಡಿತು: "ಡಾಕ್ಟರ ಕೋಣೆಯ... ಬಾಗಿಲ ಹಿಂದೆ... ಯಾರೋ... ಉಸಿರಾಡುತ್ತಿದ್ದರು..."

ಗಾಬರಿಯಲ್ಲಿ ನಿಲ್ಲಿಸಲು ಹೊರಟೆ.

"ಇರು ಮಾರಾಯ, ಯಾರದು ಬಾಗಿಲ ಹಿಂದೆ?" ಎಂದರು ಅತ್ತೆ.

ಮಾವ ನಿಧಾನಕ್ಕೆ ಕೂತರು. "ಡಾಕ್ಟರೇ. ನೋಡ್ತಾ ಇರು."

ಮೂವರೂ ಫೋನಿನ ಸುತ್ತ ಬಾಗಿದೆವು. ಹಳದಿ ಬಿಸಿಲು ಮೆಟ್ಟಿಲಿಳಿಯಿತು. ಚಾ ಆರಿತು. ಕೊನೆಗೆ ಡಾಕ್ಟರೇ! ಮಾವ ತೊಡೆ ತಟ್ಟಿ ನಕ್ಕರು. ಎರಡು ವರ್ಷದ ಸಿಟ್ಟು ಹತ್ತು ನಿಮಿಷದಲ್ಲಿ ಕರಗಿತ್ತು! ಸಂಧಾನ ಮುಗಿಸಿದ ರಾಯಭಾರಿಯ ಗಾಂಭೀರ್ಯದಲ್ಲಿ ಕಾಲಿಗೆ ಬಿದ್ದು, ತೇಲುತ್ತಲೇ ಮನೆಗೆ ಬಂದೆ.

"ಅಣ್ಣ ಎಂತ ಹೇಳಿದ?" ಅಮ್ಮ ಕಾಯುತ್ತಿದ್ದಳು.

"ಡಾಕ್ಟರೇ ಕೊಂದದ್ದು ಅಂತ."

"ಕಾಗದ ಕೊಟ್ಟೆಯಾ?"

ಚೀಲಕ್ಕೆ ಕೈಹಾಕಿದೆ. ಕಾಗದ, ಮಡಿಕೆ ಮುರಿಯದೆ, ಅಲ್ಲೇ ಇತ್ತು. ಮದುವೆ ಎಂಬ ಶಬ್ದವನ್ನೇ ನಾನು ಆಡಿರಲಿಲ್ಲ!

ಮರುದಿನ ಅಮ್ಮ ಜ್ವರದಲ್ಲೇ ಆಟೋ ಹಿಡಿದು ಹೋದಳು. ಮಾವ ಕಾಗದ ಕಣ್ಣಿಗೊತ್ತಿಕೊಂಡು, "ಬರ್ತೇನೆ ಶಾರದಾ" ಎಂದರಂತೆ. "ಆದರೆ ನಿನ್ನ ಮಗ ನಿನ್ನೆ ಬಂದದ್ದು ಯಾಕೆ? ಕೊಲೆ ಯಾರು ಮಾಡಿದ್ದು ಅಂತ ನನಗೆ ಗೊತ್ತಾಯ್ತು. ಅದೊಂದು ಮಾತ್ರ ಗೊತ್ತಾಗ್ಲಿಲ್ಲ."

ಮಾವ ಬಂದರು, ಅಕ್ಕನನ್ನು ಮಂಟಪಕ್ಕೆ ಕರೆತಂದರು. ನನಗೆ ಮದುವೆಯಲ್ಲಿ ಒಪ್ಪಿಸಿದ್ದು ಪಂಕ್ತಿಗೆ ನೀರು ಬಡಿಸುವ ಕೆಲಸ. ಬಾಯಿಯೂ ಬೇಡ, ಕಿವಿಯೂ ಬೇಡ. ಅದನ್ನು ನಾನು, ಎಲ್ಲರೂ ಒಪ್ಪುತ್ತಾರೆ, ಸುಮಾರಾಗಿ ಮಾಡಿದೆ.