ಕಲೆಯಿಲ್ಲದ ಪುಸ್ತಕ, ಕದಲದ ಲಾರಿ

ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದವಳಿಗೆ ಒಂದು ಪುಸ್ತಕ ಆರಿಸುವುದು ಕಷ್ಟವೇ? ಹೀಗೆಂದು ನಾನು ಅಪ್ಪನಿಗೆ ಧೈರ್ಯ ಹೇಳಿದೆ.

ಅಪ್ಪ ಹಿಮಾಯತ್‌ನಗರದಲ್ಲಿ ಜೋಳ, ಬೇಳೆಯ ವ್ಯಾಪಾರಿ. ನಮ್ಮ ಪುಟ್ಟ ಲಾರಿ ಶನಿವಾರದಿಂದ ಮುಷ್ಕರ ಹೂಡಿತ್ತು. ಗುರುಗುಟ್ಟುತ್ತಿತ್ತು, ಚಾಲೂ ಆಗುತ್ತಿರಲಿಲ್ಲ. ಸೋಮವಾರ ಸೋದರತ್ತೆಯ ಮಗಳ ಮದುವೆ. ದಿಲ್‌ಸುಖ್‌ನಗರದ ಮಂಟಪಕ್ಕೆ ರುಖವತ, ಅಂದರೆ ಬೀಗರ ಮುಂದೆ ಮೆರೆಸುವ ಉಂಡಿ, ಚಕ್ಕುಲಿಗಳ ಗೋಪುರಗಳು, ಅದೇ ಲಾರಿಯಲ್ಲಿ ಹೋಗಬೇಕು. ಬೀಗರು ಬರುವ ಮೊದಲೇ ಜೋಡಿಸಿಡದಿದ್ದರೆ ಅತ್ತೆಯ ಮಾನ ಹೋದಂತೆಯೇ!

"ಮಸ್ತಾನ್ ಭಾಯ್‌ನ ಕರೀಲೇನವ್ವಾ?" ಎಂದರು ಅಪ್ಪ. ಮಸ್ತಾನ್ ಭಾಯ್ ನಮ್ಮ ಬೀದಿಯ ಮೆಕ್ಯಾನಿಕ್.

"ಬ್ಯಾಡಪ್ಪಾ. ಪುಸ್ತಕ ತರ್ತೀನಿ. ನಾವ ಮಾಡೂಣು."

ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಲಾರಿ ರಿಪೇರಿಯ ಎರಡು ಪುಸ್ತಕಗಳು ಸಿಕ್ಕವು. ಒಂದರ ಬೆನ್ನು ಮುರಿದಿತ್ತು, ಪುಟಗಳ ತುಂಬ ಕಪ್ಪು ಬೆರಳಚ್ಚು, ತೆರೆದರೆ ಗಪ್ಪನೆ ಡೀಸೆಲ್ ವಾಸನೆ. ಇನ್ನೊಂದಕ್ಕೆ ಗಟ್ಟಿ ರಟ್ಟು, ಅಚ್ಚುಕಟ್ಟಾದ ಪದಸೂಚಿ. ಹುಡುಕಿದರೂ ಒಂದು ಕಲೆಯಿಲ್ಲ.

"ಯೇ ಲೇಲೋ ಬೇಟಾ, ಮಿಸ್ತ್ರಿ ಲೋಗಾಂ ಯೇಚ್ ಲೇತೇ," ಎಂದು ಮಾರುವ ಮುದುಕ ಕೊಳಕು ಪುಸ್ತಕವನ್ನೇ ಮುಂದೆ ಹಿಡಿದ. ಮಿಸ್ತ್ರಿಗಳೆಲ್ಲ ಅದನ್ನೇ ಕೊಳ್ಳುತ್ತಾರಂತೆ! ಪದಸೂಚಿಯ ಮಹತ್ವ ಮಿಸ್ತ್ರಿಗಳಿಗೇನು ಗೊತ್ತು? ಸ್ವಚ್ಛವಾದದ್ದನ್ನು ತಂದು ಖಾಕಿ ಕಾಗದದ ಹೊದಿಕೆ ಹಾಕಿದೆ. ಆ ದಿನ ಮುನ್ನುಡಿ ಓದುವುದರಲ್ಲೇ ಮುಗಿಯಿತು.

ಸೋಮವಾರ ಬೆಳಗ್ಗೆ ಅಪ್ಪ ಬನಿಯನ್ನಿನಲ್ಲಿ ಎಂಜಿನ್ನಿನೊಳಗೆ ತಲೆ ಹಾಕಿದರು. ಪುಸ್ತಕಕ್ಕೆ ಎಣ್ಣೆ ತಾಗದಷ್ಟು ದೂರದಲ್ಲಿ ನಿಂತು ನಾನು ವಾಚನ ಆರಂಭಿಸಿದೆ.

"ಮೊದಲ ಕಾರ್ಬ್ಯುರೇಟರ್ ಬಿಚ್ಚಬೇಕಂತ."

"ಎಲ್ಲೈತವ್ವಾ ಅದು?"

"ಎಡಕ್ಕ."

"ಎಡಕ್ಕಿಲ್ಲ."

"ನಿಮ್ಮ ಎಡ ಅಲ್ಲಪ್ಪಾ, ಎಂಜಿನ್ನಿನ ಎಡ."

"ಅದರ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ!"

"ಇರಬೇಕಲ್ಲ! ನಲವತ್ತೇಳನೇ ಪುಟದಾಗ ಚಿತ್ರನೂ ಐತಿ."

ಓದಿದ ಮಗಳ ಮೇಲೆ ಅಪ್ಪನಿಗೆ ಅಪಾರ ಗೌರವ. ಮತ್ತೆ ಹುಡುಕಿದರು. ಅಡ್ಡ ಬಂದದ್ದನ್ನೆಲ್ಲ ಬಿಚ್ಚಿದರು. ಬಿಚ್ಚಿದ್ದಕ್ಕೆಲ್ಲ ನಾನು ಕ್ರಮಸಂಖ್ಯೆಯ ಚೀಟಿ ಅಂಟಿಸಿ, ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಲಾರಿ ಕದಲಲಿಲ್ಲ, ಸೂಚೀಪಟ್ಟಿ ಮಾತ್ರ ಸಂಪೂರ್ಣವಾಯಿತು!

ಅಷ್ಟರಲ್ಲಿ ಅತ್ತೆ ಉಂಡಿಯ ಬುಟ್ಟಿ ಹಿಡಿದು ಓಡಿಬಂದರು. "ಅಣ್ಣಾ, ಬೀಗರು ಮನಿ ಬಿಟ್ಟಾರಂತ!" ಚಾಪೆ ನೋಡಿ ಬುಟ್ಟಿ ಕೆಳಗಿಟ್ಟರು. "ಇದೇನವ್ವಾ? ಲಾರಿದೂ ರುಖವತ ಇಟ್ಟೀಯೇನು?"

ಮಸ್ತಾನ್ ಭಾಯ್‌ರನ್ನು ಅತ್ತೆಯೇ ಎಳೆದು ತಂದರು. ಭಾಯ್ ಚಾಪೆ ನೋಡಿದರು, ಪುಸ್ತಕ ನೋಡಿದರು, ನನ್ನನ್ನು ನೋಡಿದರು.

"ಕ್ಯಾ ಢೂಂಡ್‌ರೇ ಅಮ್ಮಾ?" ಏನು ಹುಡುಕುತ್ತಿದ್ದೇವೆಂದು ಕೇಳಿದರು.

"ಕಾರ್ಬ್ಯುರೇಟರ್."

"ವೋ ತೋ ಪೆಟ್ರೋಲ್ ಗಾಡಿ ಮೇಂ ರಹತಾ," ಎಂದು ಅವರು ನಮ್ಮ ಟ್ಯಾಂಕಿನತ್ತ ಬೆರಳು ತೋರಿದರು. ಅದು ಇರುವುದು ಪೆಟ್ರೋಲ್ ಗಾಡಿಯಲ್ಲಂತೆ!

ಟ್ಯಾಂಕಿನ ಮೇಲೆ ದಪ್ಪಕ್ಷರದಲ್ಲಿ ‘ಡೀಸೆಲ್’ ಎಂದಿತ್ತು. ಕನ್ನಡದಲ್ಲಿ. ತೆಲುಗು, ಉರ್ದು ಬೋರ್ಡುಗಳ ಈ ಊರಿನ ಒಂದು ಲಾರಿಯ ಮೇಲಾದರೂ ನಮ್ಮ ಅಕ್ಷರ ಇರಲಿ ಎಂದು ಪೇಂಟರನ ಬೆನ್ನು ಹತ್ತಿ ಬರೆಸಿದವಳು ನಾನೇ!

ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತಂತೆ. ಅದನ್ನು ಬಿಡಿಸಲು ಅವರಿಗೆ ಬೇಕಾದದ್ದು ಎರಡು ನಿಮಿಷ. ನಮ್ಮ ಸೂಚೀಪಟ್ಟಿಯನ್ನು ಮರಳಿ ಜೋಡಿಸಲು ಒಂದೂವರೆ ಗಂಟೆ.

ಮಂಟಪ ತಲುಪಿದಾಗ ಬೀಗರು ಉಪ್ಪಿಟ್ಟು ತಿಂದು, ಖಾಲಿ ಮೇಜನ್ನು ನೋಡುತ್ತ ಕುಳಿತಿದ್ದರು. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಆಗ ವರನ ತಂದೆಯೇ ಎದ್ದು ಬಂದು ಗೋಪುರ ಇಳಿಸಲು ಕೈಜೋಡಿಸಿದರು. "ತಗೀರಿ ಅತ್ಲಾಗ, ನಮ್ಮ ರುಖವತ ನಾವ ಇಳಿಸ್ಕೊಂತೀವಿ!" ಎಂದು ನಕ್ಕರು. ಅತ್ತೆಗೆ ಹೋದ ಜೀವ ಬಂತು.

ತುದಿಯ ಉಂಡಿಯ ಮೇಲೆ ಅಪ್ಪನ ಐದು ಬೆರಳೂ ಕಪ್ಪಗೆ ಮೂಡಿದ್ದವು. ಅತ್ತೆಯ ಹೊಸ ಸೀರೆಗೂ ಗ್ರೀಸ್, ನನ್ನ ಕುಪ್ಪಸಕ್ಕೂ ಗ್ರೀಸ್. ಆ ದಿನ ಕಲೆ ಬೀಳದೆ ಉಳಿದದ್ದು ಒಂದೇ: ನನ್ನ ಪುಸ್ತಕ!