ಮಾವನ ರೊಟ್ಟಿಯಲ್ಲಿ ಹೊಗೆಯ ಪಾಲು

ತಾನು ಬೀಡಿ ಬಿಟ್ಟು, ಅದರ ಅಪವಾದವನ್ನು ಹೆಂಡತಿಯ ತಲೆಗೆ ಕಟ್ಟಿದ ಗಂಡಸು ಇಡೀ ಬೆಟಗೇರಿಯಲ್ಲಿ ಒಬ್ಬನೇ. ಅವನು ನನ್ನ ಸೋದರಮಾವ!

ಎಲ್ಲ ಶುರುವಾದದ್ದು ಮೊಬೈಲಿನಿಂದ. ಯಾವ ದೇಶ ಬಿಡುವ ಇಂಗಾಲದಲ್ಲಿ ಕರೆಂಟು, ಕಲ್ಲಿದ್ದಲು, ಡೀಸೆಲ್ಲುಗಳ ಪಾಲು ಹಿಂದೆಷ್ಟಿತ್ತು, ಈಗೆಷ್ಟಿದೆ ಎಂಬ ಬಣ್ಣದ ಗೆರೆಗಳ ಚಿತ್ರವೊಂದು ಅವನಿಗೆ ಸಿಕ್ಕಿತು. ಬಿ.ಕಾಂ. ಓದಿದ ಅಳಿಯನೆಂದು ನನ್ನನ್ನು ಹಿಡಿದು ಕೂರಿಸಿದ. ಒಂದು ದೇಶದ ಗೆರೆ ಮೇಲೆ ಹೊರಟಿತ್ತು, ಇನ್ನೊಂದರದು ಕೆಳಗೆ. ಯಾರು ಒಳ್ಳೆಯವರು? ನನಗೇನು ಗೊತ್ತು!

“ದೇಶ ದೂರ ಅದಾವು. ಮನಿ ತಗೊಳ್ಳೂಣು,” ಅಂದ ಮಾವ. ಅವನ ಮನೆ ಒಂದು ದೇಶ, ಲಕ್ಷ್ಮೇಶ್ವರದಲ್ಲಿರುವ ಅವನ ಅಕ್ಕ, ಅಂದರೆ ನನ್ನ ದೊಡ್ಡವ್ವನ ಮನೆ ಇನ್ನೊಂದು. ಎರಡೂ ಕಡೆ ಕಟ್ಟಿಗೆ ಒಲೆ. ತಾಟಿನಲ್ಲಿದ್ದ ಎರಡು ಜೋಳದ ರೊಟ್ಟಿಗಳನ್ನೇ ಮನೆಗೊಂದರಂತೆ ಹರಿದು ಪಾಲು ಹಾಕಿದ.

“ಅಕ್ಕನ ಮನ್ಯಾಗ ಎಮ್ಮಿ ಬಾಳ. ಎಮ್ಮಿ ಬಿಡೋ ಗಾಳಿನೂ ಲೆಕ್ಕಕ್ಕ ಬರತೈತಿ. ಅದಕ್ಕ ಅಲ್ಲಿ ಒಲಿ ಪಾಲು ಇಷ್ಟ. ಇಲ್ಲಿ ನೋಡು, ನನ್ನ ಬೀಡಿ, ನಿಮ್ಮತ್ತಿ ಒಲಿ. ಒಲಿ ಪಾಲು ಎಷ್ಟ್ ದೊಡ್ಡದೈತಿ!”

ಒಲೆಯ ಮುಂದಿದ್ದ ಅತ್ತೆ ಕೆಮ್ಮುತ್ತಲೇ ಕೇಳಿದಳು: “ಅಲ್ರೀ, ಅವರ ಮನ್ಯಾಗ ಎಮ್ಮಿ ಅದಾವಂತ ಅವರ ಒಲಿ ಹೊಗಿ ಬಿಡೂದು ಬಿಟ್ಟೈತೇನು?”

ಮಾವ ಬೆಟಗೇರಿಯನ್ನು ಪಲ್ಯದ ಜೊತೆ ತಿಂದ. ಆಮೇಲೆ ಲಕ್ಷ್ಮೇಶ್ವರವನ್ನೂ ತಿಂದ.

ಅತ್ತೆಯ ಕೆಮ್ಮು ಹೊಸದಲ್ಲ. ಕಟ್ಟಿಗೆ ಒಲೆ ಬಿಡದಿದ್ದರೆ ಎದೆ ಪೂರಾ ಕೆಡುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಗ್ಯಾಸು ಮನೆಯಲ್ಲಿತ್ತು, ಆದರೆ ಚಹಾಕ್ಕೆ ಮಾತ್ರ. ಗ್ಯಾಸಿನ ಮೇಲೆ ಬೇಯಿಸಿದ್ದು ರೊಟ್ಟಿಯೇ ಅಲ್ಲ ಎಂದು, ಅದು ಮನೆಗೆ ಬಂದ ದಿನವೇ ಸಾರಿದ್ದು ಯಾರು? ಇದೇ ಮಾವ! “ಅವರಿಗೆ ಸೇರಂಗಿಲ್ಲ,” ಎಂದು ಅತ್ತೆ ಒಲೆಯನ್ನೇ ಹಿಡಿದು ಕೂತಿದ್ದಳು.

ಸರಿ, ಮನೆಯ ಹೊಗೆ ತಗ್ಗಲಿ ಎಂದು ಮಾವ ಬೀಡಿ ಬಿಟ್ಟ. ಒಂದಿಷ್ಟು ದಿನ ಬಡೇಸೋಪು ಅಗಿಯುತ್ತ ಎಲ್ಲರ ಮೇಲೂ ಹರಿಹಾಯ್ದ. ಆಮೇಲೆ ಮತ್ತೆ ರೊಟ್ಟಿ ಹರಿಯಲು ಕೂತವನು ಗಾಬರಿಯಾದ. ಬೀಡಿಯ ತುಂಡೇ ಇಲ್ಲ. ಇಡೀ ರೊಟ್ಟಿ ಒಲೆಯದೇ!

“ಇದೇನ್ ಮಾಯಾನೋ ಮಾರಾಯಾ! ನಾ ಬೀಡಿ ಬಿಟ್ರ ಇಕಿ ಪಾಲು ಹೆಚ್ಚಾತು!”

“ಬಿಟ್ಟವರು ನೀವು, ತಪ್ಪು ನಂದೇನು?” ಅತ್ತೆ ಸಿಟ್ಟಿಗೆದ್ದಳು. “ಹಂಗಾದ್ರ ಮತ್ತ ಸೇದ್ರಿ!”

ಪಾಲು ಬೇರೆ, ಮೊತ್ತ ಬೇರೆ, ಹೊಗೆ ಕಡಿಮೆಯಾದರೂ ಪಾಲು ಹೆಚ್ಚಬಹುದು ಎಂದೆಲ್ಲ ಹೇಳಲು ಹೋಗಿ, ಅರ್ಧಕ್ಕೇ ನನಗೂ ದಾರಿ ತಪ್ಪಿತು.

“ಹಂಗಾದ್ರ ಒಂದ್ ಎಮ್ಮಿ ತರೂಣೇನು?” ಅಂದ ಮಾವ.

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಲ್ಲಲೇ ಇಲ್ಲ. ಗೋಡೆ ಹಿಡಿದು ಕುಸಿದಳು. ಮಾವ ಓಡಿಹೋಗಿ ನೀರಿನ ಚರಿಗೆ ತಂದು ಅವಳ ಬಾಯಿಗೆ ಹಿಡಿದ. ನನಗೆ ಬಹಳ ಹೆದರಿಕೆಯಾಯಿತು.

ಮುಂದಿನ ಸಲ ಹೋದಾಗ ಒಲೆ ತಣ್ಣಗಿತ್ತು, ಅದರೊಳಗೆ ಬೆಕ್ಕು ಮಲಗಿತ್ತು. ಅತ್ತೆ ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿ ತಂದು ಬಡಿಸಿ, ಗಂಡನ ಮುಖವನ್ನೇ ನೋಡುತ್ತ ನಿಂತಳು. ಮಾವ ಬಹಳ ಹೊತ್ತು ಅಗಿದ.

“ಒಲಿ ರೊಟ್ಟಿಗಿಂತ ಚಲೋ ಆಗೇತಿ. ಇನ್ನೆರಡು ಹಾಕು.”

ಅಷ್ಟು ದೊಡ್ಡ ಸುಳ್ಳನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ. ಅತ್ತೆ ಖುಷಿಯಿಂದ ಒಳಗೆ ಹೋದಳು.

“ಮಾವಾ, ಈಗ ಯಾರ ಪಾಲು ಎಷ್ಟಾತು?” ಎಂದು ಕೆಣಕಿದೆ.

“ಸುಮ್ಕಿರಲೇ, ಕೇಳಾಕತ್ತೇನಿ.”

ನಾನೂ ಕಿವಿಗೊಟ್ಟೆ. ಒಳಗಿನಿಂದ ಅತ್ತೆ ರೊಟ್ಟಿ ಬಡಿಯುವ ಸಪ್ಪಳವಷ್ಟೇ ಬರುತ್ತಿತ್ತು, ಕೆಮ್ಮು ಇರಲಿಲ್ಲ.