ಅರ್ಧವೂ ಎತ್ತದ ಪಂಪು

ಮೆಕ್ಯಾನಿಕ್: ಅರ್ಧವೂ ಎತ್ತದ ಪಂಪನ್ನ ನಾನಾಗಿದ್ರೆ ಗುಜರಿಗೆ ಹಾಕಿಸ್ತಿದ್ದೆ ಡಾಕ್ಟ್ರೇ. ನೀವು ನೋಡಿದ್ರೆ ಪರವಾಗಿಲ್ಲ ಅಂತೀರಿ.

ಹೆಂಡತಿ: ರೀ, ಅದು ಪಂಪಲ್ಲ, ನಿಮ್ಮ ಹೃದಯ.

ಮೂವತ್ತು ವರ್ಷ ಊರವರ ನೀರಿನ ಪಂಪು ರಿಪೇರಿ ಮಾಡಿದ ಮನುಷ್ಯನಿಗೆ ಹೃದಯಾಘಾತವಾಗಿ ನಾಲ್ಕು ದಿನವಾಗಿತ್ತು. ಈಗಷ್ಟೇ ಹೃದಯದ ಸ್ಕ್ಯಾನ್, ಅಂದರೆ ಎಕೋ, ಮುಗಿದಿತ್ತು. ಎದೆಗೆ ಹಚ್ಚಿದ ತಣ್ಣನೆಯ ಜೆಲ್ಲನ್ನು ಹೆಂಡತಿ ಒರೆಸುತ್ತಿದ್ದಳು.

ಡಾಕ್ಟರ್: ಪೂರ್ತಿ ಖಾಲಿ ಮಾಡೋ ಹೃದಯ ಯಾರಿಗೂ ಇರಲ್ಲ. ಚೆನ್ನಾಗಿರೋದೂ ಒಂದು ಸಲ ಹಿಂಡಿದ್ರೆ ನೂರಕ್ಕೆ ಅರವತ್ತು ಭಾಗ ರಕ್ತ ತಳ್ಳುತ್ತೆ, ಅಷ್ಟೇ. ನಿಮ್ಮದು ನಲವತ್ತೈದು.

ಹೆಂಡತಿ: ನನಗೇನೂ ಆಶ್ಚರ್ಯ ಇಲ್ಲ. ಲೋಟದಲ್ಲಿ ಟೀನೂ ಅರ್ಧ ಬಿಟ್ಟೇ ಏಳ್ತಾರೆ.

ಮೆಕ್ಯಾನಿಕ್: ಅದೆಲ್ಲ ಬಿಡಿ. ಇನ್ನೆಷ್ಟು ವರ್ಷ ಓಡುತ್ತೆ, ಅದನ್ನ ಹೇಳಿ.

ಡಾಕ್ಟರ್: ಅಪಾಯ ಹೆಚ್ಚೋ ಕಡಿಮೆಯೋ ಅಂತ ಎಕೋ ನೋಡಿ ಅಂದಾಜು ಹೇಳಬಹುದು. ತಾರೀಖು ಹೇಳೋಕಾಗಲ್ಲ.

ಮೆಕ್ಯಾನಿಕ್: ಇಷ್ಟು ದೊಡ್ಡ ಮಿಷನ್ ಇಟ್ಕೊಂಡು? ನಾನು ಮೋಟರ್ ಮೇಲೆ ಬರೀ ಕೈ ಇಟ್ಟು, ಒಂದು ತಿಂಗಳೋ ಎರಡು ತಿಂಗಳೋ, ಥಟ್ಟಂತ ಹೇಳ್ತೀನಿ.

ಹೆಂಡತಿ: ಹೌದು ಡಾಕ್ಟ್ರೇ, ಹೇಳ್ತಾರೆ. ಮೊನ್ನೆ ಅದೇ ಕೈಯನ್ನ ಸ್ವಂತ ಎದೆ ಮೇಲೆ ಇಟ್ಕೊಂಡು, ಬರೀ ಗ್ಯಾಸು ಅಂದ್ರು.

ಮೆಕ್ಯಾನಿಕ್ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ.

ಮೆಕ್ಯಾನಿಕ್: ದಿನ ಗೊತ್ತಾದ್ರೆ ಇವಳಿಗೆ ಎಲ್ಲಾ ಹೇಳಿಟ್ಟು ಹೋಗಬಹುದಲ್ಲ ಅಂತ ಕೇಳ್ದೆ.

ಹೆಂಡತಿ: ಹೋಗೋದು ಗೀಗೋದು ಏನಿಲ್ಲ. ಸುಮ್ನೆ ಮಲಗಿ.

ಒಣಗಿದ್ದ ಎದೆಯನ್ನೇ ಅವಳು ಮತ್ತೆ ಒರೆಸಿದಳು. ನಾಲ್ಕು ದಿನದಿಂದ ಅವಳಿಗೆ ಭಯ ಬಿಟ್ಟಿರಲಿಲ್ಲ.

ಡಾಕ್ಟರ್: ಮೂರು ವರ್ಷದ ಹಿಂದೆ ನಮ್ಮನೆ ಪಂಪು ಮುಟ್ಟಿ ಏನಂದ್ರಿ, ನೆನಪಿದ್ಯಾ?

ಮೆಕ್ಯಾನಿಕ್: ಹಳದಿ ಗೇಟಿನ ಮನೆ ತಾನೆ? ಒಂದು ತಿಂಗಳು ಅಂದಿದ್ದೆ. ಅದರ ಮೇಲೆ ಒಂದು ದಿನವೂ ಓಡಿರಲ್ಲ.

ಡಾಕ್ಟರ್: ಇವತ್ತು ಬೆಳಿಗ್ಗೆ ಅದು ಎತ್ತಿದ ನೀರಲ್ಲೇ ಸ್ನಾನ ಮಾಡಿ ಬಂದೆ.

ತನ್ನ ಹೃದಯದ ಸುದ್ದಿಗಿಂತ ಈ ಸುದ್ದಿಗೇ ಮೆಕ್ಯಾನಿಕ್ಕಿನ ಮುಖ ಹೆಚ್ಚು ಸಪ್ಪಗಾಯಿತು.

ಮೆಕ್ಯಾನಿಕ್: ಬೇರೆ ಯಾರ ಹತ್ರವೋ ರಿಪೇರಿ ಮಾಡಿಸಿದ್ದೀರಿ.

ಡಾಕ್ಟರ್: ಇಲ್ಲಪ್ಪ. ನೀವೇ ಬರೆದುಕೊಟ್ಟ ಚೀಟಿ ಸ್ವಿಚ್ ಪಕ್ಕ ಅಂಟಿಸಿ, ಅದರಂತೆ ನಡೆಸಿದೆ. ಫೋಟೋ ಇದೆ ನೋಡಿ.

ಡಾಕ್ಟರ ಫೋನನ್ನು ಹೆಂಡತಿಯೇ ಇಸಿದುಕೊಂಡು ಗಟ್ಟಿಯಾಗಿ ಓದಿದಳು.

ಹೆಂಡತಿ: "ಒಂದೇ ಸಮನೆ ಓಡಿಸಬೇಡಿ. ಬಿಸಿಯಾಗುವ ಮುಂಚೆ ನಿಲ್ಲಿಸಿ. ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿ. ಸದ್ದು ಬದಲಾದರೆ ನಾಳೆ ನೋಡೋಣ ಅನ್ನಬೇಡಿ." ಕೇಳಿಸ್ತೇನ್ರೀ?

ಮೆಕ್ಯಾನಿಕ್: ಅದು ಪಂಪಿಗೆ ಬರೆದಿದ್ದು ಕಣೇ.

ಹೆಂಡತಿ: ಆಗಿಂದ ಪಂಪು ಪಂಪು ಅಂತಿದ್ದೋರು ಯಾರು?

ಡಾಕ್ಟರ್: ನಾನೂ ಅದನ್ನೇ ಬರೀಬೇಕಿತ್ತು. ಮಾತ್ರೆಗಳನ್ನ ಸೇರಿಸಿಕೊಡ್ತೀನಿ, ಬಿಡದೆ ತಗೊಳ್ಳಿ.

ಹೆಂಡತಿ: ಫೋಟೋ ನನಗೆ ಕಳ್ಸಿ ಡಾಕ್ಟ್ರೇ. ಅಡುಗೆಮನೆ ಬಾಗಿಲಿಗೇ ಅಂಟಿಸ್ತೀನಿ.

ಮೆಕ್ಯಾನಿಕ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಟ್ಟುಸಿರು ಬಿಟ್ಟ.

ಮೆಕ್ಯಾನಿಕ್: ನೀವೇ ನಿಮ್ಮ ಕೈಯಾರೆ ಬರೆದುಕೊಡಬಾರದಿತ್ತಾ ಡಾಕ್ಟ್ರೇ? ಅಕ್ಷರ ಅರ್ಥ ಆಗಲಿಲ್ಲ ಅಂತನಾದ್ರೂ ತಪ್ಪಿಸ್ಕೋತಿದ್ದೆ.